ಗ್ರೂಪು ಆರಿಸುವ ಕಾಲ

ಫೆಬ್ರುವರಿ 9, 2025, ಭಾನುವಾರ. ಆದೋನಿ, ಆಂಧ್ರ

ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು, ಒಂದು ಖಾಸಗಿ ಕಾಲೇಜಿನವರಿಬ್ಬರು ಬಾಗಿಲಿಗೆ ಬಂದು ನಿಂತರು. ಸಂಕ್ರಾಂತಿ ಮುಗಿಯಿತೆಂದರೆ ಇವರ ಓಡಾಟ ಶುರು. ಹೊಸ ವರ್ಷದ ಡೈರಿ, ಒಂದು ಸ್ವೀಟ್ ಡಬ್ಬ, ಫೈಲಿನಲ್ಲಿ ಖಾಲಿ ಫಾರಂ: ಹುಡುಗನ ಹೆಸರು, ಅಪ್ಪನ ಫೋನ್ ನಂಬರು, ಪ್ರೀಫೈನಲ್ ಅಂಕ. "ನೀವು ಒಂದು ಮಾತು ಹೇಳಿದ್ರೆ ಸಾಕು ಮೇಡಂ, ಊರವರು ನಿಮ್ಮ ಮಾತು ಮೀರಲ್ಲ" ಅಂದರು. ಒಂದು ಅಡ್ಮಿಷನ್ನಿಗೆ ನನಗೆಷ್ಟು ಸೇರುತ್ತದೆ ಎಂಬುದನ್ನೂ ಸಂಕೋಚವಿಲ್ಲದೆ ಹೇಳಿದರು. ಪಟ್ಟಿ ಕೊಡಲಿಲ್ಲ, ಕಾಫಿ ಕೊಟ್ಟೆ. ಅವರಲ್ಲಿ ಒಬ್ಬ ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವನು. ಸೀಟು ತುಂಬಿಸಿದರಷ್ಟೇ ಬೇಸಿಗೆ ಸಂಬಳವಂತೆ. ಅವನ ಮೇಲೆ ಸಿಟ್ಟು ಬರಲಿಲ್ಲ.

ಸಿಟ್ಟು ಬಂದದ್ದು ಶುಕ್ರವಾರ ನನ್ನ ಕನ್ನಡ ಮಾಧ್ಯಮದ ಹತ್ತನೇ ತರಗತಿಯಲ್ಲಿ ಕೇಳಿದ ಉತ್ತರಗಳನ್ನು ನೆನೆದಾಗ. ಹತ್ತನೇ ಆದ ಮೇಲೆ, ಇಂಟರಿನಲ್ಲಿ (ಕರ್ನಾಟಕದ ಪಿಯುಸಿ) ಏನು ಎಂದರೆ, ಎಂಪಿಸಿ (ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ): ದೊಡ್ಡಪ್ಪನ ಮಗ ಅದನ್ನೇ ತಗೊಂಡಿದ್ದ. ಬೈಪಿಸಿ (ಗಣಿತದ ಬದಲು ಜೀವಶಾಸ್ತ್ರ): ಅದರಲ್ಲಿ ಲೆಕ್ಕ ಇಲ್ಲ. ಸಿಇಸಿ (ಸಿವಿಕ್ಸ್, ಅರ್ಥಶಾಸ್ತ್ರ, ವಾಣಿಜ್ಯ): ಪಾಸಾಗೋದು ಸುಲಭ. ಹುಡುಗರಲ್ಲಿ ಅರ್ಧ ಜನ ಪೊಲೀಸ್. ಬೈಪಿಸಿ ಓದಿ ಡಾಕ್ಟರಾಗದವರು ಏನಾಗುತ್ತಾರೆ ಎಂದು ಕೇಳಿದರೆ ಇಡೀ ತರಗತಿ ಗಪ್‌ಚಿಪ್.

ನಮ್ಮ ಹತ್ತಿ ಮಾರುಕಟ್ಟೆಯಲ್ಲಿ ಖರೀದಿದಾರ ಬೋರೆಯೊಳಗೆ ಕೈ ಹಾಕಿ ಒಂದು ಹಿಡಿ ಎಳೆದು, ಬೆರಳಲ್ಲಿ ಎಳೆ ಬಿಡಿಸಿ ಉದ್ದ ನೋಡಿದ ಮೇಲೆಯೇ ರೇಟು ಕೂಗುತ್ತಾನೆ. ಮಗುವಿನ ಎರಡು ವರ್ಷ, ಅಪ್ಪನ ಒಂದು ಬೆಳೆಯ ದುಡ್ಡು ಮಾತ್ರ ಕೈ ಹಾಕಿ ನೋಡದೆಯೇ ಕೈಬದಲಾಗುತ್ತವೆ.

ಫೆಬ್ರುವರಿ 16, ಭಾನುವಾರ

ಬೆಂಗಳೂರಿನಿಂದ ತಂಗಿಯ ಮಗ ಬಂದಿದ್ದಾನೆ. ಮೊಬೈಲ್ ಆ್ಯಪುಗಳ ವಿನ್ಯಾಸ ಅವನ ಕೆಲಸ. ನನ್ನ ಗೊಣಗಾಟ ಕೇಳಿ, "ದೊಡ್ಡಮ್ಮಾ, ನಿಮಗೆ ಬೇಕಾಗಿರೋದು ಡಿಸೈನ್ ಥಿಂಕಿಂಗ್" ಎಂದು ಒಂದು ಪುಸ್ತಕ ಕೊಟ್ಟ: ಬಿಲ್ ಬರ್ನೆಟ್, ಡೇವ್ ಇವಾನ್ಸ್ ಬರೆದ ‘ಡಿಸೈನಿಂಗ್ ಯುವರ್ ಲೈಫ್’, 2016ರದು. ಇಬ್ಬರೂ ಸ್ಟ್ಯಾನ್‌ಫರ್ಡಿನಲ್ಲಿ ಪಾಠ ಹೇಳುವವರು. ಹೊಸ ಸಾಮಾನು ಮಾಡುವವರು ಹೇಗೆ ಮೊದಲು ಬಳಸುವವನ ಕಷ್ಟ ಕೇಳಿ, ತೊಂದರೆ ಯಾವುದೆಂದು ಗುರುತಿಸಿ, ನಾಲ್ಕಾರು ದಾರಿ ಯೋಚಿಸಿ, ರಟ್ಟಿನಲ್ಲೋ ಕಾಗದದಲ್ಲೋ ಅಗ್ಗದ ಮಾದರಿ ಮಾಡಿ, ಜನರ ಕೈಗೆ ಕೊಟ್ಟು ನೋಡುತ್ತಾರೋ, ಬದುಕಿನ ತೀರ್ಮಾನಗಳನ್ನೂ ಹಾಗೆಯೇ ಮಾಡಿ ಎಂಬುದು ಪುಸ್ತಕದ ವಾದ. ಅಹಮದಾಬಾದಿನ ರಿವರ್‌ಸೈಡ್ ಶಾಲೆಯ ಕಿರಣ್ ಬೀರ್ ಸೇಠಿ ಇದನ್ನೇ ಮಕ್ಕಳಿಗೆ ಒಗ್ಗಿಸಿ 2009ರಿಂದ ದೇಶದ ಶಾಲೆಗಳಿಗೆ ಹಂಚಿದರು ಎಂದೂ ಅವನೇ ಹೇಳಿದ.

ರಾತ್ರಿ ಓದಿ ಮುಗಿಸಿದೆ. ಅರ್ಧ ನಗು ಬಂತು. ಸ್ಟ್ಯಾನ್‌ಫರ್ಡಿನ ಹುಡುಗರ ಸಂಕಟ ದಾರಿಗಳು ಹೆಚ್ಚಾದವೆಂಬುದು. ಕೌತಾಳಂ, ಹೊಳಗುಂದ, ಕೋಸಿಗಿ ಕಡೆಯ ಹುಡುಗರ ಸಂಕಟ ಬಸ್ಸು ಎಷ್ಟು ಗಂಟೆಗೆ ಎಂಬುದು. ಆದರೆ ಮೂರು ವಿಷಯ ಗಟ್ಟಿ ಅನಿಸಿದವು. ಒಂದು, ಬದಲಾಯಿಸಲಾಗದ್ದರ ಜೊತೆ ಗುದ್ದಾಡಬೇಡ. ಭೂಮಿಯ ಗುರುತ್ವವನ್ನು ತೊಂದರೆ ಎಂದು ಕರೆಯಬೇಡ, ಅದು ಇದ್ದದ್ದೇ. ಇನ್ನೊಂದು, ಮುಂದಿನ ಐದು ವರ್ಷಕ್ಕೆ ಒಂದಲ್ಲ, ಮೂರು ಬೇರೆ ಬೇರೆ ಬದುಕು ಬರೆ: ಈಗ ಅಂದುಕೊಂಡದ್ದು; ಅದು ಕೈತಪ್ಪಿದರೆ ಮಾಡುವುದು; ದುಡ್ಡು, ಜನರ ಮಾತು ಎರಡೂ ಅಡ್ಡ ಬರದಿದ್ದರೆ ಮಾಡುವುದು. ಮೂರನೆಯದು, ಸೇರುವ ಮೊದಲು ಚಿಕ್ಕದಾಗಿ ಮಾಡಿ ನೋಡು, ಮಾಡುತ್ತಿರುವವರನ್ನು ಕೇಳು.

ಪರೀಕ್ಷೆ ಹತ್ತಿರವಿದೆ. ಈಗ ಬೇಡ.

ಏಪ್ರಿಲ್ 5, ಶನಿವಾರ

ಪರೀಕ್ಷೆ ಮುಗಿಸಿದವರಲ್ಲಿ ಬರುವವರು ಬನ್ನಿ ಎಂದಿದ್ದೆ. ಹುಡುಗಿಯರೇ ಹೆಚ್ಚು ಬಂದರು. ಹುಡುಗರಲ್ಲಿ ಕೆಲವರು ಆಗಲೇ ಮೆಣಸಿನಕಾಯಿ ಬಿಡಿಸಲು ಗುಂಟೂರಿನಲ್ಲಿರುವ ಅಪ್ಪ ಅಮ್ಮನ ಹತ್ತಿರ ಹೋಗಿದ್ದಾರೆ. (ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಈ ದಿನಚರಿ ಪುಸ್ತಕ ಸ್ಟಾಫ್ ರೂಮಿನ ಮೇಜಿನ ಮೇಲೂ ಬಿದ್ದಿರುತ್ತದೆ.)

ಒಬ್ಬೊಬ್ಬರಿಗೆ ಮೂರು ಹಾಳೆ ಕೊಟ್ಟೆ. ಮೊದಲ ಹಾಳೆ ಹತ್ತು ನಿಮಿಷದಲ್ಲಿ ತುಂಬಿತು. ಎರಡನೆಯದಕ್ಕೆ ಪೆನ್ನು ಕಚ್ಚಿದರು. ಮೂರನೆಯದನ್ನು ಮೊದಲು ಕೈಯಡ್ಡ ಇಟ್ಟು ಬರೆದರು, ಆಮೇಲೆ ಒಬ್ಬರದನ್ನೊಬ್ಬರು ಕಿತ್ತುಕೊಂಡು ಓದಿ ನಕ್ಕರು. ಉದ್ದ ಜಡೆಯವಳು ಮೂರನೇ ಹಾಳೆಯಲ್ಲಿ ‘ಬಯಲಾಟದಲ್ಲಿ ಹಾರ್ಮೋನಿಯಂ’ ಎಂದು ಬರೆದಿದ್ದಾಳೆ. ಅವಳ ಅಜ್ಜ ಬಾರಿಸುತ್ತಿದ್ದನಂತೆ. ಒಬ್ಬನ ಮೂರು ಹಾಳೆಯಲ್ಲೂ ಪೊಲೀಸ್. ಮೂರನೆಯದರಲ್ಲಿ ಮಾತ್ರ ಎಸ್ಸೈ.

ಆಮೇಲೆ ಹಾಳೆಯ ಹಿಂಬದಿ ಎರಡು ಪಟ್ಟಿ: ಬದಲಾಗದ್ದು, ಬದಲಾಯಿಸಬಹುದಾದ್ದು. ಗುಳೆ ಹೋಗುವುದು, ಕಾಲುವೆಗೆ ನೀರು ಬಿಡದಿರುವುದು, ಕನ್ನಡ ಮಾಧ್ಯಮದಲ್ಲಿ ಓದಿದ್ದು ಎಲ್ಲವೂ ಮೊದಲ ಪಟ್ಟಿಗೆ ಹೋದವು. ‘ಗಡಿ’ ಎಂದೂ ಒಬ್ಬಳು ಬರೆದಳು. 1953ರ ಅಕ್ಟೋಬರ್ 1ರ ತನಕ ಆದೋನಿ, ಆಲೂರು ಎರಡೂ ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಆಂಧ್ರ ರಾಜ್ಯ ಹುಟ್ಟಿದ ದಿನ ರಾಯದುರ್ಗದ ಜೊತೆ ಈ ಕಡೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು ಎಂದು ಹೇಳಿದೆ. "ಅಂದ್ರ ಆ ಗೆರಿ ಎಳೆಯೋವಾಗ ನಮ್ಮಜ್ಜ ಹತ್ತನೇತ್ತ ಇದ್ದನೇನೋ" ಎಂದು ಒಬ್ಬ ಲೆಕ್ಕ ಹಾಕಿದ. ಗಡಿಯನ್ನು ಯಾವ ಪಟ್ಟಿಗೆ ಹಾಕಬೇಕೆಂಬುದು ಇವತ್ತು ತೀರ್ಮಾನವಾಗಲಿಲ್ಲ.

ಏಪ್ರಿಲ್ 9, ಬುಧವಾರ

ಈ ವರ್ಷ ಇಂಟರ್ ಎರಡನೇ ವರ್ಷದ ತರಗತಿಗಳನ್ನು ಏಪ್ರಿಲ್ 1ಕ್ಕೇ ಶುರುಮಾಡಿದ್ದಾರೆ. ನಮಗದು ಒದಗಿಬಂದ ಅನುಕೂಲ. ಆದೋನಿಯ ಜೂನಿಯರ್ ಕಾಲೇಜೊಂದರ ಪ್ರಿನ್ಸಿಪಾಲರಿಗೆ ಕೇಳಿ, ನಮ್ಮವರನ್ನು ಹಿಂದಿನ ಬೆಂಚಿನಲ್ಲಿ ಒಂದು ದಿನ ಕೂರಿಸಲು ಒಪ್ಪಿಗೆ ಪಡೆದೆ.

ನನ್ನ ಷರತ್ತು ಒಂದೇ: ನಾನು ಕರೆದುಕೊಂಡು ಬರುವುದಿಲ್ಲ. ಕಾಲೇಜಿಗೆ ಹೋಗುವವರ ಹಾಗೆ ಮನೆಯಿಂದ ಡಬ್ಬಿ ಕಟ್ಟಿಕೊಂಡು, ಪಲ್ಲೆವೆಲುಗು ಬಸ್ಸು ಹಿಡಿದು, ನೀವೇ ಬರಬೇಕು. ಎಷ್ಟಕ್ಕೆ ಎದ್ದೆ, ಎಷ್ಟಕ್ಕೆ ಬಸ್ಸು, ಸೀಟು ಸಿಕ್ಕಿತೋ ಇಲ್ಲವೋ, ಯಾವ ಪಾಠದಲ್ಲಿ ನಿದ್ದೆ ಬಂತು, ಸಂಜೆ ಮನೆ ಸೇರಿದ್ದು ಎಷ್ಟಕ್ಕೆ, ಎಲ್ಲ ಬರೆದು ತರಬೇಕು.

ಹೋಗಿ ಬಂದವರ ಹಾಳೆಗಳನ್ನು ಈಗಷ್ಟೇ ಓದಿದೆ. ಮೇಷ್ಟ್ರು ಪಾಠ ಶುರುಮಾಡಿದ್ದು ಇಂಗ್ಲಿಷಿನಲ್ಲಿ, ಬಿಡಿಸಿ ಹೇಳಿದ್ದು ತೆಲುಗಿನಲ್ಲಿ. ಗಿರಣಿ ಹಮಾಲನ ಮಗಳು ಬರೆದಿದ್ದಾಳೆ: "ಇಂಗ್ಲಿಷ್ ಅರ್ಧ ತಿಳೀತು, ತೆಲುಗು ಮುಕ್ಕಾಲು ತಿಳೀತು, ಬೋರ್ಡಿನ ಮೇಲಿನ ಲೆಕ್ಕ ಪೂರ್ತಿ ತಿಳೀತು." ಲೆಕ್ಕ ಇಲ್ಲವೆಂದು ಬೈಪಿಸಿಗೆ ಹೊರಟಿದ್ದವಳು ಇವಳೇ. ಮಧ್ಯಾಹ್ನ ಜೀವಶಾಸ್ತ್ರದ ತರಗತಿಯಲ್ಲಿ ತೂಕಡಿಸಿದ್ದನ್ನೂ ಮುಚ್ಚಿಡದೆ ಬರೆದಿದ್ದಾಳೆ. ಗಣಿತ, ಜೀವಶಾಸ್ತ್ರ ಎರಡನ್ನೂ ಓದುವ ಎಂಬೈಪಿಸಿ ಎಂಬ ಹೊಸ ಗ್ರೂಪು ಈ ಸಲದಿಂದ ಬರುತ್ತಿದೆ ಎಂದು ಹೇಳಿದೆ. "ಅದು ಬ್ಯಾಡ ಟೀಚರ್, ಎರಡು ಕಡೆಗೂ ನಿದ್ದಿ ಬರ್ತೈತಿ" ಅಂದಳು.

ದೂರದ ಹಳ್ಳಿಯವಳೊಬ್ಬಳ ಹಾಳೆಯಲ್ಲಿ ಪಾಠದ ಮಾತೇ ಇಲ್ಲ. ಬೆಳಿಗ್ಗೆ 5ಕ್ಕೆ ಎದ್ದದ್ದು, ಬಸ್ಸಿನಲ್ಲಿ ನಿಂತೇ ಬಂದದ್ದು, ವಾಪಸಾಗುವಾಗ ಕತ್ತಲಾದದ್ದು, ಅಣ್ಣ ಬಸ್ ಸ್ಟ್ಯಾಂಡಿಗೆ ಬಂದು ಬೈದದ್ದು. ಅವಳ ವಿಷಯದಲ್ಲಿ ಗ್ರೂಪಿನ ಪ್ರಶ್ನೆ ಆಮೇಲಿನದು. ಮೊದಲು ಹಾಸ್ಟೆಲ್ ಹುಡುಕಬೇಕು. ಇದು ಜೂನ್ ತಿಂಗಳಲ್ಲಿ ಫೀಸು ಕಟ್ಟಿದ ಮೇಲೆ ತಿಳಿಯಬೇಕಿದ್ದ ಸಂಗತಿ. ಒಂದು ಬಸ್ ಟಿಕೇಟಿನ ಖರ್ಚಿನಲ್ಲಿ ಇವತ್ತೇ ತಿಳಿಯಿತು.

ಏಪ್ರಿಲ್ 13, ಭಾನುವಾರ

ಇವತ್ತು ಕೇಳುವ ಕೆಲಸ. ‘ನಿಮ್ಮ ಕೆಲಸ ಒಳ್ಳೇದಾ?’ ಎಂದು ಯಾರನ್ನೂ ಕೇಳಬೇಡಿ, ಎಲ್ಲರೂ ಒಳ್ಳೇದೇ ಅಂತಾರೆ. ‘ನಿನ್ನೆ ಬೆಳಿಗ್ಗೆಯಿಂದ ರಾತ್ರಿ ತನಕ ಏನೇನು ಮಾಡಿದ್ರಿ?’ ಎಂದು ಕೇಳಿ ಎಂದಿದ್ದೆ.

ಜಿನ್ನಿಂಗ್ ಗಿರಣಿಯ ಫಿಟ್ಟರ್ ಒಬ್ಬರು ಕೆಲಸ ನಿಲ್ಲಿಸದೆಯೇ ಉತ್ತರ ಕೊಟ್ಟರು. ಸೀಸನ್ ಇಳಿದಿದೆ, ಮಿಷನ್ನು ಬಿಚ್ಚಿ ಹಾಕಿದ್ದರು. ಹತ್ತಿಯನ್ನು ಬೀಜದಿಂದ ಎಳೆಯುವ ಚರ್ಮದ ರೋಲರು ಸವೆದು ನುಣ್ಣಗಾಗಿತ್ತು, ಅದಕ್ಕೆ ಮತ್ತೆ ಗೀರು ಹಾಕುತ್ತಿದ್ದರು. "ಇದು ನುಣ್ಣಗಾದ್ರ ಹತ್ತಿ ಹಿಡಿಯಂಗಿಲ್ಲ ತಮ್ಮಾ, ಜಾರ್ತೈತಿ" ಎಂದು ಹುಡುಗನ ಬೆರಳು ಹಿಡಿದು ಸವರಿಸಿದರು. ಐಟಿಐ ಮಾಡಿದವರು. ಸೀಸನ್ನಿನಲ್ಲಿ ರಾತ್ರಿಯೂ ಕೆಲಸ, ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಧೂಳು ತಪ್ಪದು. ಸೀಸನ್ ಮುಗಿದ ಮೇಲೆ? "ಮೋಟಾರು ರಿಪೇರಿ ಬರ್ತೈತಲ್ಲ, ಅದರಾಗ ಊಟ." ಹಾಳೆಯಲ್ಲಿ ಮೂರು ಸಲ ಪೊಲೀಸ್ ಎಂದು ಬರೆದಿದ್ದವನು ಬರುವ ದಾರಿಯುದ್ದಕ್ಕೂ ಆ ರೋಲರಿನ ಮಾತೇ ಆಡಿದ.

ರೈತ ಸೇವಾ ಕೇಂದ್ರದ ಕೃಷಿ ಸಹಾಯಕರು ತಮ್ಮದು ಎರಡು ವರ್ಷದ ಕೃಷಿ ಪಾಲಿಟೆಕ್ನಿಕ್ ಡಿಪ್ಲೊಮಾ ಎಂದಾಗ ಮಕ್ಕಳಿಗೆ ನಂಬಿಕೆಯೇ ಆಗಲಿಲ್ಲ. ಹತ್ತನೇ ಆದ ಮೇಲೆ ಇಂಟರ್ ಅಲ್ಲದೆ ಬೇರೆ ಬಾಗಿಲುಗಳಿವೆ ಎಂಬುದನ್ನು ಮನೆಗೆ ಬರುವ ಕಾಲೇಜಿನವರು ಏಕೆ ಹೇಳುತ್ತಾರೆ? ಪಾಲಿಟೆಕ್ನಿಕ್ಕಿಗೆ ಪಾಲಿಸೆಟ್ ಪ್ರವೇಶ ಪರೀಕ್ಷೆ ಇದೆ. ಐಟಿಐ ಇದೆ. ರಾಜೀವ್ ಗಾಂಧಿ ಜ್ಞಾನ ತಂತ್ರಜ್ಞಾನ ವಿಶ್ವವಿದ್ಯಾಲಯದ ಟ್ರಿಪಲ್ ಐಟಿ ಇದೆ: 2008ರಲ್ಲಿ ಹಳ್ಳಿ ಮಕ್ಕಳಿಗಾಗಿಯೇ ಕಟ್ಟಿದ್ದು, ಹತ್ತನೇ ಅಂಕದ ಮೇಲೆ ಸೀಟು, ಸರ್ಕಾರಿ ಶಾಲೆಯವರಿಗೆ ಶೇ 4ರಷ್ಟು ಹೆಚ್ಚುವರಿ ಅಂಕ, ಆರು ವರ್ಷ ಒಂದೇ ಕಡೆ ಓದಿ ಬಿ.ಟೆಕ್.

ಸ್ಟಾಫ್ ನರ್ಸ್ ಒಬ್ಬರನ್ನು ಹುಡುಗಿಯರು ಮುತ್ತಿಕೊಂಡರು. ನಿನ್ನೆ ಏನು ಮಾಡಿದಿರಿ ಎಂದರೆ, ನಿನ್ನೆ ರಾತ್ರಿ ಡ್ಯೂಟಿ, ಎರಡು ಹೆರಿಗೆ, ಬೆಳಿಗ್ಗೆ ಮನೆಗೆ ಹೋಗಿ ಮಕ್ಕಳಿಗೆ ಉಪ್ಪಿಟ್ಟು ಮಾಡಿ ಮಲಗಿದ್ದು. ಆದೋನಿಗೆ ಸರ್ಕಾರಿ ಮೆಡಿಕಲ್ ಕಾಲೇಜು ಮಂಜೂರಾದಾಗಿನಿಂದ ಪ್ರತಿ ಮನೆಯಲ್ಲೂ ಒಬ್ಬಳು ಡಾಕ್ಟರ್ ಹುಟ್ಟಿದ್ದಾಳೆ. ನರ್ಸ್ ಕೆಲಸದ ಮಾತೆತ್ತಿದರೆ ಮುಖ ಸಣ್ಣಗೆ ಮಾಡುತ್ತಾರೆ. ಇವತ್ತು ಒಬ್ಬಳಾದರೂ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಎಷ್ಟು ವರ್ಷ ಎಂದು ಕೇಳಿದಳು. ಮೂರು.

ಏಪ್ರಿಲ್ 24, ಗುರುವಾರ

ನಿನ್ನೆ ರಿಸಲ್ಟ್ ಬಂತು. ಬೆಳಿಗ್ಗೆಯಿಂದ ಫೋನು. ನನ್ನ ತರಗತಿಯ ಹಿಂದಿನ ಬೆಂಚಿನ ಮೌನಿ ಹುಡುಗ 600ಕ್ಕೆ 570 ದಾಟಿದ್ದಾನೆ. ಅವನ ಮನೆಗೆ ಮಧ್ಯಾಹ್ನದೊಳಗೆ ಎರಡು ಕಾಲೇಜಿನ ಕಾರು ಹೋಗಿವೆಯಂತೆ. ಗಿರಣಿ ಹಮಾಲನ ಮಗಳಿಗೆ ಗಣಿತದಲ್ಲಿ 90ರ ಮೇಲೆ.

ಒಂದು ಮಾತು ಮರೆಯದೆ ಎಲ್ಲರಿಗೂ ಹೇಳಬೇಕು. ಇಂಟರಿನಲ್ಲಿ ಎರಡನೇ ಭಾಷೆಯಾಗಿ ಕನ್ನಡ ತೆಗೆದುಕೊಳ್ಳಲು ಬೋರ್ಡಿನ ನಿಯಮದಲ್ಲಿ ಅವಕಾಶವಿದೆ. ಅಂಕ ಬರುತ್ತದೆಂದು ಎಲ್ಲರನ್ನೂ ಸಂಸ್ಕೃತಕ್ಕೆ ಸಾಲಾಗಿ ಕೂರಿಸುವ ಕಾಲೇಜುಗಳೇ ಹೆಚ್ಚು. ಸೇರುವ ದಿನವೇ ಕನ್ನಡದ ಅಧ್ಯಾಪಕರು ಇದ್ದಾರೋ ಇಲ್ಲವೋ ಕೇಳಬೇಕು, ಫೀಸು ಕಟ್ಟಿದ ಮೇಲಲ್ಲ.

ಮೇ 4, ಭಾನುವಾರ

ಉದ್ದ ಜಡೆಯವಳ ಮನೆಗೆ ಹೋಗಿದ್ದೆ. ಕೆಳಮಟ್ಟದ ಕಾಲುವೆಯ ಆಚೆಯ ಹಳ್ಳಿ. ಗಡಿಯಾಚೆಯ ಸಿರುಗುಪ್ಪದ ಸೋದರಮಾವ "ಪಿಯುಸಿ ನಮ್ಮಲ್ಲೇ ಓದ್ಲಿ, ನಮ್ಮನ್ಯಾಗ ಇರ್ಲಿ" ಎಂದು ಕರೆಕಳಿಸಿದ್ದಾನೆ. ಕಾಲೇಜು ಕನ್ನಡದ ನಾಡಿನಲ್ಲಿ, ಊಟ ಮಾವನ ಮನೆಯಲ್ಲಿ. ಅಪ್ಪನಿಗೆ ಇದಕ್ಕಿಂತ ಸಲೀಸಾದ ದಾರಿ ಕಾಣುತ್ತಿಲ್ಲ.

ಕಾಗದ ತೆಗೆದು ಗೆರೆ ಎಳೆದು ತೋರಿಸಬೇಕಾಯಿತು. ಆಂಧ್ರದಲ್ಲಿ ಸಂವಿಧಾನದ 371ಡಿ ಕಲಂ, ಅದರಡಿ ಬಂದ 1974ರ ರಾಷ್ಟ್ರಪತಿ ಆದೇಶ: ಸೀಟುಗಳಲ್ಲಿ ಶೇ 85 ಸ್ಥಳೀಯರಿಗೆ. ನಮ್ಮ ಜಿಲ್ಲೆ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ್ದು. ಅರ್ಹತಾ ಪರೀಕ್ಷೆ ಬರೆಯುವ ವರ್ಷಕ್ಕೆ ಮುಗಿಯುವಂತೆ ಸತತ ನಾಲ್ಕು ವರ್ಷ ಇಲ್ಲೇ ಓದಿದವರು ಸ್ಥಳೀಯರು. ಹುಡುಗಿ ಎರಡು ವರ್ಷ ಸಿರುಗುಪ್ಪಕ್ಕೆ ಹೋದರೆ ಆ ನಾಲ್ಕರ ಸರಪಳಿ ತುಂಡಾಗುತ್ತದೆ. ಸರಿ, ಕರ್ನಾಟಕದ ಸಿಇಟಿ? ಅಲ್ಲಿ ಸಾಮಾನ್ಯ ನಿಯಮ, ಒಂದರಿಂದ ಹನ್ನೆರಡರೊಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಇವಳದ್ದು ಎರಡೇ ಆಗುತ್ತದೆ. ಅಂದರೆ ಈ ಲೆಕ್ಕದಲ್ಲಿ ಎರಡೂ ದಡದಲ್ಲಿ ಹೊರಗಿನವಳು. ಮಾವನಿಗೆ ಇದು ಗೊತ್ತಿಲ್ಲ, ಅಪ್ಪನಿಗೆ ಗೊತ್ತಿಲ್ಲ, ಕಾಲೇಜಿನವರು ಹೇಳುವುದಿಲ್ಲ.

ಆದರೆ ಕರ್ನಾಟಕದ ನಿಯಮದಲ್ಲಿ ಇನ್ನೊಂದು ಕಂಡಿಕೆಯಿದೆ. ಮಗು ಎರಡು ವರ್ಷದ ಪಿಯುಸಿಯನ್ನು ಅಲ್ಲೇ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಸಾಕು. ಅಪ್ಪ ಇಲ್ಲಿಯವನೇ. ಅಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಈ ಮಾತುಕತೆ ತನ್ನದಲ್ಲವೆಂಬಂತೆ.

"ಯವ್ವಾ, ನಿನ್ನ ತವರು ಸಿರುಗುಪ್ಪ ತಾಲೂಕೇ ಅಲ್ಲೇನು? ಎಷ್ಟನೇತ್ತ ತನಕ ಓದೀಯ?"

"ನನ್ನ ಓದು ಏನು ಕೇಳ್ತೀರಿ ಟೀಚರಮ್ಮಾ. ಏಳನೇತ್ತ ಆದ ಮ್ಯಾಲೆ ಬಿಡ್ಸಿದ್ರು."

"ನಡುವೆ ಎಲ್ಲಾದ್ರೂ ಫೇಲಾಗಿ ಬಿಟ್ಟಿದ್ದೇನು?"

"ಒಮ್ಮೆನೂ ಇಲ್ಲ ನೋಡ್ರಿ" ಎಂದಳು, ಸ್ವಲ್ಪ ಬಿರುಸಾಗಿಯೇ.

ಒಂದರಿಂದ ಏಳು, ಏಳು ವರ್ಷ. ಲೆಕ್ಕ ಸರಿಹೋಯಿತು. ಅವಳು ಓದಿದ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತಂದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಬೇಕು ಎಂದು ಅಪ್ಪನಿಗೆ ಬರೆದುಕೊಟ್ಟೆ. ಅವನು ಚೀಟಿಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದ. ಅವಳು ರೊಟ್ಟಿ ತಿರುವಿಹಾಕಿದಳು.

ಹುಡುಗಿಗೆ ಒಂದೇ ಮಾತು ಹೇಳಿ ಬಂದೆ: ದಾರಿ ಇದೆ ಎಂದಮಾತ್ರಕ್ಕೆ ಹೋಗಲೇಬೇಕೆಂದಿಲ್ಲ. ರಜೆಯಲ್ಲಿ ಮಾವನ ಮನೆಯಲ್ಲಿ ಕೆಲವು ದಿನ ಇದ್ದು ಬಾ, ಆದರೆ ನೆಂಟಳಾಗಿ ಅಲ್ಲ. ಕಾಲೇಜಿನ ಹೊತ್ತಿಗೆ ಕಾಲೇಜಿನ ತನಕ ನಡೆದು ಹೋಗಿ ಬಾ, ಸಂಜೆ ಎರಡು ತಾಸು ಪುಸ್ತಕ ಹಿಡಿದು ಕೂತು ನೋಡು.

ಮೇ 18, ಭಾನುವಾರ

ಉದ್ದ ಜಡೆಯವಳು ಸಿರುಗುಪ್ಪದಿಂದ ಬಂದಿದ್ದಾಳೆ. "ಕಾಲೇಜು ಚೆನ್ನಾಗೈತಿ ಟೀಚರ್. ಆದ್ರ ಮಾವನ ಮನ್ಯಾಗ ನೀರು ನಂದು, ಮುಸುರಿ ನಂದು, ಅತ್ತಿ ಮಗೂನ ಎತ್ಕೊಳ್ಳೋದು ನಂದು. ಪುಸ್ತಕ ಒಂದಿನಾನೂ ತೆಗೀಲಿಲ್ಲ." ಮಾವ ಕೆಟ್ಟವನಲ್ಲ, ಅತ್ತೆಯೂ ಅಲ್ಲ, ಮನೆಯಲ್ಲಿ ಹರೆಯದ ಹುಡುಗಿ ಇದ್ದರೆ ಯಾರ ಮನೆಯಲ್ಲೂ ಆಗುವುದು ಇಷ್ಟೇ. ಅವಳಿಗೆ ಕಸ್ತೂರ್ಬಾ ಬಾಲಿಕಾ ವಿದ್ಯಾಲಯದ ಹಾಸ್ಟೆಲಿನಲ್ಲಿದ್ದು ಇಲ್ಲೇ ಬೈಪಿಸಿ ಓದಬೇಕಂತೆ, ಆಮೇಲೆ ನರ್ಸಿಂಗ್. ಜಿಎನ್‌ಎಂ ಎಷ್ಟು ವರ್ಷ ಎಂದು ಕೇಳಿದ್ದವಳು ಇವಳೇ. ಅಪ್ಪ ಫೋನಿನಲ್ಲಿ, ಸರ್ಟಿಫಿಕೇಟಿಗೆ ಸಿರುಗುಪ್ಪಕ್ಕೆ ಓಡಾಡಿದ ಖರ್ಚು ದಂಡವಾಯಿತು ಎಂದು ಬೇಜಾರು ಮಾಡಿಕೊಂಡ. ಅಮ್ಮ ಅದನ್ನು ಪ್ಲಾಸ್ಟಿಕ್ ಹಾಕಿಸಿ ಟ್ರಂಕಿನಲ್ಲಿಟ್ಟಿದ್ದಾಳೆ ಎಂದು ಮಗಳು ನಕ್ಕಳು.

ಮೌನಿ ಟ್ರಿಪಲ್ ಐಟಿಗೆ ಅರ್ಜಿ ಹಾಕಿದ್ದಾನೆ. ಅವನ ಹೆದರಿಕೆ ಬೇರೆ: ಅದರ ಇಡುಪುಲಪಾಯ ಕ್ಯಾಂಪಸ್ಸಿನಲ್ಲಿ ಕನ್ನಡ ಮಾತಾಡುವವರು ಯಾರಿರುತ್ತಾರೆ? ಅಲ್ಲಿ ಓದುತ್ತಿರುವ ನಮ್ಮ ಕಡೆಯ ಒಬ್ಬನನ್ನು ಹುಡುಕಿ ಫೋನು ಹಚ್ಚಿಕೊಟ್ಟೆ. ಮುಕ್ಕಾಲು ಗಂಟೆ ಮಾತಾಡಿದರು. ಬಹುಪಾಲು ಮೆಸ್ಸಿನ ಊಟದ ಬಗ್ಗೆ.

ಜೂನ್ 15, ಭಾನುವಾರ

ಶಾಲೆ ಗುರುವಾರ ತೆರೆಯಿತು. ಹಳಬರ ಸುದ್ದಿ ಒಂದೊಂದೇ ಬರುತ್ತಿದೆ. ಗಿರಣಿ ಹಮಾಲನ ಮಗಳು ಸರ್ಕಾರಿ ಕಾಲೇಜಿನಲ್ಲಿ ಎಂಪಿಸಿ. ಮೌನಿ ಸದ್ಯಕ್ಕೆ ಆದೋನಿಯಲ್ಲಿ ಎಂಪಿಸಿ, ಸೀಟಿನ ಕರೆ ಬಂದರೆ ಹೊರಡುತ್ತಾನೆ. ಉದ್ದ ಜಡೆಯವಳು ಕಸ್ತೂರ್ಬಾ. ಬಸ್ಸಿನಲ್ಲಿ ನಿಂತು ಬಂದವಳಿಗೂ ಅಲ್ಲೇ ಸೀಟು ಸಿಕ್ಕಿದೆ. ಮೂರು ಹಾಳೆಯ ಪೊಲೀಸ್ ಐಟಿಐ ಫಿಟ್ಟರಿಗೆ ಅರ್ಜಿ ಹಾಕಿದ್ದಾನೆ. ಪೊಲೀಸ್ ಆಮೇಲೆ, ಅಂದ. ಇನ್ನಿಬ್ಬರು ನಾನು ಬೇಡವೆಂದಿದ್ದ ಕಾಲೇಜಿಗೇ ಹೋದರು; ನೋಡಿ, ಕೇಳಿ, ಲೆಕ್ಕ ಹಾಕಿ ಹೋಗಿದ್ದಾರೆ, ನನ್ನ ತಕರಾರಿಲ್ಲ.

ತಕರಾರಿರುವುದು ಏಪ್ರಿಲ್ ತಿಂಗಳಲ್ಲಿ ಬಾರದೇ ಇದ್ದವರ ಬಗ್ಗೆ. ಗುಂಟೂರಿಗೆ ಹೋದ ಹುಡುಗರಲ್ಲಿ ಒಬ್ಬ ಪಾಸಾಗಿದ್ದಾನೆ, ಒಳ್ಳೆಯ ಅಂಕ. ಎರಡೇ ತಿಂಗಳು ಎಂದು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋದವನು ಫೋನು ಎತ್ತುತ್ತಿಲ್ಲ. ಅವನ ಮೂರು ಹಾಳೆ ಖಾಲಿಯಾಗಿಯೇ ನನ್ನ ಬೀರುವಿನಲ್ಲಿವೆ. ಬಸ್ಸು, ಹಾಸ್ಟೆಲ್, ಸರ್ಟಿಫಿಕೇಟುಗಳ ಗಂಟನ್ನು ಈ ವಿಧಾನದಿಂದ ಬಿಡಿಸಬಹುದು. ಅಪ್ಪನ ಸಾಲವನ್ನು ಬಿಡಿಸಲಾಗದು. ಹಾಗೆಂದು ಅವನನ್ನು ತಲುಪುವ ಹೊತ್ತೇ ಇರಲಿಲ್ಲವೆಂದಲ್ಲ. ಇದು ಹತ್ತನೇ ಮುಗಿದ ಮೇಲೆ ಮಾಡುವ ಕೆಲಸವಲ್ಲ, ಒಂಬತ್ತನೇ ತರಗತಿಯಲ್ಲಿ, ಅದೂ ಊರು ಖಾಲಿಯಾಗುವ ಮೊದಲು ಮಾಡಬೇಕಾದದ್ದು.

ಹೆಡ್‌ಮಾಸ್ಟರರು ಶನಿವಾರಗಳ ಕೊನೆಯ ಪಿರಿಯಡ್ ಕೊಡಲು ಒಪ್ಪಿದ್ದಾರೆ. ನಾಳೆ ಒಂಬತ್ತನೇ ತರಗತಿಯ ಹಾಜರಿ ಪುಸ್ತಕ ಹಿಡಿದು, ದಸರೆ ಕಳೆದ ಮೇಲೆ ಗುಳೆ ಹೋಗುವ ಮನೆಗಳ ಮಕ್ಕಳನ್ನು ಗುರುತು ಹಾಕಬೇಕು. ಮೊದಲ ಹಾಳೆಗಳು ಅವರಿಗೆ.